ಸೈಟ್ ಕರಾರಿನ ದಾವೆಗೆ ಟ್ರಯಲ್ ವಕೀಲರನ್ನು ಹೇಗೆ ಆರಿಸುವುದು?

ನಾಗರಭಾವಿ_ಎರಡನೇ_ಹಂತ ಕೇಳಿದ್ದು:

ನಾಗರಭಾವಿಯ 30×40 ಸೈಟಿನ ವಿಚಾರ. ಖರೀದಿ ಕರಾರು ಅಕ್ಕನ ಹೆಸರಿನಲ್ಲಿದೆ, ತಾರೀಖು 12 ಫೆಬ್ರವರಿ 2024. ಒಟ್ಟು ಬೆಲೆ 1 ಕೋಟಿ 60 ಲಕ್ಷ, ಮುಂಗಡ 25 ಲಕ್ಷ ಆರ್‌ಟಿಜಿಎಸ್‌ನಲ್ಲಿ ಹೋಗಿದೆ. ಉಳಿದದ್ದನ್ನು ಕೊಟ್ಟು ಆರು ತಿಂಗಳೊಳಗೆ ಕ್ರಯಪತ್ರ ಎಂದು ಕರಾರಿನಲ್ಲಿದೆ. ಮಾರುವವರು ಮೊದಲು ಖಾತೆ ಸರಿಯಾಗಲಿ ಅಂದರು, ಈಗ ಬೆಲೆ ಏರಿದೆ ಎಂದು ಹಿಂದೆ ಸರಿದಿದ್ದಾರೆ. ದಾವೆ ಹಾಕದೆ ಬೇರೆ ದಾರಿ ಕಾಣುತ್ತಿಲ್ಲ.

ಇಬ್ಬರು ವಕೀಲರ ಹತ್ತಿರ ಮಾತಾಡಿದ್ದೇವೆ. ಒಬ್ಬರದು ದೊಡ್ಡ ಆಫೀಸು, ಹತ್ತು ನಿಮಿಷದಲ್ಲಿ ಕರಾರು ನೋಡಿ "ಆರು ತಿಂಗಳಲ್ಲಿ ಮುಗಿಸಿಕೊಡ್ತೀನಿ" ಅಂದರು. ಇನ್ನೊಬ್ಬರು ಒಂದೂವರೆ ಗಂಟೆ ಪ್ರಶ್ನೆ ಕೇಳಿ, ಕೊನೆಗೆ ನಮ್ಮ ಕಡೆಯ ಎರಡು ದೌರ್ಬಲ್ಯ ಹೇಳಿದರು. ಮನೆಯಲ್ಲಿ ಎಲ್ಲರಿಗೂ ಮೊದಲನೆಯವರ ಮೇಲೇ ಒಲವು.

ವಕೀಲರ ಹಿನ್ನೆಲೆ, ನಿಜವಾದ ಟ್ರಯಲ್ ಅನುಭವ ಇವನ್ನು ಹೊರಗಿನವರು ಪರಿಶೀಲಿಸುವುದು ಹೇಗೆ? ಕಕ್ಷಿದಾರರನ್ನು ಕೇಳಿ, ತಿಳಿಸಿ ಕೆಲಸ ಮಾಡುವವರು ಯಾರು ಎಂದು ಮೊದಲೇ ಗೊತ್ತಾಗುತ್ತದೆಯೆ?

ಸಿಸಿಎಚ್_ಕಾರಿಡಾರ್:

ವಕೀಲರಿಗಿಂತ ಮೊದಲು ಕಾಲಮಿತಿ. ಕರಾರಿನಲ್ಲಿ ದಿನ ಗೊತ್ತುಮಾಡಿದ್ದರೆ ಲಿಮಿಟೇಷನ್ ಕಾಯ್ದೆಯ 54ನೇ ವಿಧಿಯ ಪ್ರಕಾರ ಆ ದಿನದಿಂದ ಮೂರು ವರ್ಷ. ನಿಮ್ಮ ಆರು ತಿಂಗಳು 2024ರ ಆಗಸ್ಟ್ 12ಕ್ಕೆ ಮುಗಿದಿದೆ, ಹಾಗಾಗಿ ಗಡಿ 2027ರ ಆಗಸ್ಟ್ 12. ಅಲ್ಲಿಯವರೆಗೆ ಸುಮ್ಮನಿರಬಹುದು ಎಂದು ಇದರ ಅರ್ಥ ಅಲ್ಲ. ನೀವು ಸುಮ್ಮನಿದ್ದ ಪ್ರತಿ ತಿಂಗಳನ್ನೂ ಎದುರು ಪಕ್ಷದವರು "ಕೈಯಲ್ಲಿ ಹಣ ಇರಲಿಲ್ಲ, ಅದಕ್ಕೇ ಕೇಳಲಿಲ್ಲ" ಎಂದು ಓದಿ ತೋರಿಸುತ್ತಾರೆ. ಇಬ್ಬರಲ್ಲಿ ಯಾರು ಮೊದಲ ಭೇಟಿಯಲ್ಲೇ ಕರಾರಿನ ತಾರೀಖು ಕೇಳಿ ಈ ಲೆಕ್ಕ ಹಾಕಿದರು ಎಂದು ನೆನಪು ಮಾಡಿಕೊಳ್ಳಿ.

ಆರು ತಿಂಗಳ ಮಾತಿಗೆ ಬರೋಣ. 2018ರ ತಿದ್ದುಪಡಿಯಲ್ಲಿ ಸ್ಪೆಸಿಫಿಕ್ ರಿಲೀಫ್ ಕಾಯ್ದೆಗೆ ಸೇರಿದ 20-ಸಿ ಕಲಮು ಇಂಥ ದಾವೆಯನ್ನು ಸಮನ್ಸ್ ಜಾರಿಯಾದ ದಿನದಿಂದ 12 ತಿಂಗಳಲ್ಲಿ ಮುಗಿಸಬೇಕು, ಕಾರಣ ಬರೆದು ಇನ್ನೂ 6 ತಿಂಗಳು ಹಿಗ್ಗಿಸಬಹುದು ಎನ್ನುತ್ತದೆ. ಕಾಯ್ದೆ ತಾನೇ ಇಟ್ಟುಕೊಂಡ ಗುರಿ ಅದು, ವಾಸ್ತವದಲ್ಲಿ ಅದಕ್ಕಿಂತ ಹೆಚ್ಚೇ ಹಿಡಿಯುತ್ತದೆ. ಪ್ರತಿವಾದಿಗೆ ಲಿಖಿತ ಹೇಳಿಕೆ ಸಲ್ಲಿಸಲು 30 ದಿನ, ವಿಸ್ತರಿಸಿದರೆ 90. ಆಮೇಲೆ ವಿವಾದಾಂಶ (ಕೋರ್ಟು ತೀರ್ಮಾನಿಸಬೇಕಾದ ಪ್ರಶ್ನೆಗಳು), ವಾದಿಯ ಸಾಕ್ಷ್ಯ, ಪಾಟೀಸವಾಲು (ಸಾಕ್ಷಿಗೆ ಎದುರು ವಕೀಲರ ಪ್ರಶ್ನೆಗಳು), ಪ್ರತಿವಾದಿಯ ಸಾಕ್ಷ್ಯ, ವಾದ. ಇಷ್ಟನ್ನು ಬಲ್ಲ ವಕೀಲರ ಬಾಯಲ್ಲಿ ಆರು ತಿಂಗಳು ಎಂಬ ಮಾತು ಬರಬಾರದು.

ಈಗ ಹಿನ್ನೆಲೆ. ಪ್ರತಿ ವಕೀಲರಿಗೂ ರಾಜ್ಯ ವಕೀಲರ ಪರಿಷತ್ತಿನ ನೋಂದಣಿ ಸಂಖ್ಯೆ ಇರುತ್ತದೆ. ಕರ್ನಾಟಕದಲ್ಲಿ ಅದು ಕೆಎಆರ್ ಎಂದು ಶುರುವಾಗಿ, ನಡುವೆ ಒಂದು ಸಂಖ್ಯೆ, ಕೊನೆಗೆ ಸನ್ನದು (ವಕೀಲಿಯ ಪರವಾನಗಿ) ಪಡೆದ ವರ್ಷ. ವಕಾಲತ್ತಿನ (ನೀವು ವಕೀಲರನ್ನು ನೇಮಿಸುವ ಪತ್ರದ) ಮೇಲೆ ಇದನ್ನು ಬರೆದೇ ಬರೆಯುತ್ತಾರೆ, ಕೇಳುವುದರಲ್ಲಿ ಸಂಕೋಚ ಬೇಡ. ಅನುಮಾನ ಇದ್ದರೆ ಅಂಬೇಡ್ಕರ್ ವೀಧಿಯ ಹಳೇ ಕೆಜಿಐಡಿ ಕಟ್ಟಡದಲ್ಲಿರುವ ಪರಿಷತ್ತಿನ ಕಚೇರಿಯಲ್ಲಿ ವಿಚಾರಿಸಬಹುದು. ಆದರೆ ಆ ವರ್ಷ ಹೇಳುವುದು ಸನ್ನದಿನ ವಯಸ್ಸನ್ನು ಮಾತ್ರ. ಇಪ್ಪತ್ತು ವರ್ಷದ ಸನ್ನದಿದ್ದೂ ಬರೀ ನೋಂದಣಿ, ಖಾತೆ, ಬಿಡಿಎ ಕಾಗದ ಮಾಡಿದವರಿದ್ದಾರೆ. ಹೈಕೋರ್ಟಿನ ರಿಟ್ ಮಾತ್ರ ನಡೆಸುವವರಿದ್ದಾರೆ. ಅವರು ತಮ್ಮ ಕೆಲಸದಲ್ಲಿ ಗಟ್ಟಿ, ಆದರೆ ಸಾಕ್ಷಿಯನ್ನು ಕಟಕಟೆಯಲ್ಲಿ ನಿಲ್ಲಿಸಿ ಪ್ರಶ್ನೆ ಕೇಳುವುದು ಬೇರೆಯೇ ಕಸುಬು. ಯಾವ ಕಾಲೇಜು ಎಂಬುದಕ್ಕಿಂತ, ಸನ್ನದಿನ ಮೊದಲ ಐದಾರು ವರ್ಷ ಯಾರ ಆಫೀಸಿನಲ್ಲಿ ಜೂನಿಯರ್ ಆಗಿದ್ದರು, ಅಲ್ಲಿ ಸಿವಿಲ್ ಟ್ರಯಲ್ ನಡೆಯುತ್ತಿತ್ತೆ ಎಂದು ಕೇಳಿ. ಈ ಪ್ರಶ್ನೆಗೆ ವಕೀಲರು ಬೇಸರಪಡುವುದಿಲ್ಲ. ಸೀನಿಯರ್ ಹೆಸರನ್ನು ಅಭಿಮಾನದಿಂದಲೇ ಹೇಳುತ್ತಾರೆ.

ಇ-ಕೋರ್ಟ್ಸ್ ಆ್ಯಪಿನಲ್ಲಿ ವಕೀಲರ ಹೆಸರಿನಿಂದಲೂ ನೋಂದಣಿ ಸಂಖ್ಯೆಯಿಂದಲೂ ಪ್ರಕರಣ ಹುಡುಕಬಹುದು. ಹೆಸರಿನಲ್ಲಿ ಹುಡುಕುವಾಗ ಇನಿಷಿಯಲ್ ಹಿಂದೆ ಮುಂದೆ ಮಾಡಿ ಎರಡು ಮೂರು ಸಲ ನೋಡಿ, ದಾಖಲಿಸುವವರು ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಸಿಕ್ಕ ಪಟ್ಟಿಯಲ್ಲಿ ಒ.ಎಸ್. ಎಂದಿರುವವು ಮೂಲ ದಾವೆಗಳು. ಮುಗಿದ ಹತ್ತು ಒ.ಎಸ್. ತೆರೆದು ತೀರ್ಪು ಓದಿ. ಮೊದಲ ಪುಟದಲ್ಲೇ ಯಾರ ಪರ ಯಾವ ವಕೀಲರು ಎಂದಿರುತ್ತದೆ. ಎಷ್ಟು ಗೆದ್ದರು ಎಂದು ಎಣಿಸಬೇಡಿ. ಕೈಗೆ ಬಂದ ಕೇಸಿನ ಗುಣವೇ ಹಾಗಿರಬಹುದು, ರಾಜಿ ಆದದ್ದು ಸೋಲೂ ಅಲ್ಲ. "ಪಾಟೀಸವಾಲಿನಲ್ಲಿ ಸಾಕ್ಷಿ ಹೀಗೆ ಒಪ್ಪಿಕೊಂಡಿದ್ದಾರೆ" ಎಂದು ನ್ಯಾಯಾಧೀಶರು ಬರೆದ ಪ್ಯಾರಾ ಹುಡುಕಿ. ಆ ಒಪ್ಪಿಗೆ ಹೊರಡಿಸಿದವರು ನಿಮ್ಮ ವಕೀಲರಾಗಿದ್ದರೆ ಅದು ಅವರ ಕೆಲಸದ ಸಾಕ್ಷಿ. "ವಾದಿ ಈ ಅಂಶಕ್ಕೆ ದಾಖಲೆಯನ್ನೇ ಹಾಜರುಪಡಿಸಿಲ್ಲ" ಎಂಬ ಸಾಲು ಪದೇ ಪದೇ ಅವರ ಕಡೆಗೇ ಬಂದಿದ್ದರೆ ಅದೂ ಸಾಕ್ಷಿಯೇ.

ದಿನದಿನದ ನಡಾವಳಿಯೂ ಅಲ್ಲೇ ಕಾಣುತ್ತದೆ. ಒಂದೆರಡು ವಾಯಿದೆ ಎಲ್ಲರೂ ಕೇಳುತ್ತಾರೆ. ವಾದಿಯ ಸಾಕ್ಷ್ಯದ ಹಂತದಲ್ಲಿ ಸಾಲಾಗಿ ನಾಲ್ಕೈದು ಸಲ ಸಾಕ್ಷಿ ಗೈರು, ಕಾಲಾವಕಾಶ, ದಂಡ ಎಂದು ಬಂದು, ಕೊನೆಗೆ ಗೈರುಹಾಜರಿಗಾಗಿ ದಾವೆ ವಜಾ ಎಂದಿದ್ದರೆ ಅಲ್ಲಿ ಎಚ್ಚರ.

ದೊಡ್ಡ ಆಫೀಸಿನವರು ಸೀನಿಯರ್ ಅಡ್ವೊಕೇಟ್ ಹೆಸರು ಹೇಳಿದರೆ ಒಂದು ವಿಷಯ ತಿಳಿದಿರಲಿ. ಅಡ್ವೊಕೇಟ್ಸ್ ಕಾಯ್ದೆಯ 16ನೇ ಕಲಮಿನಡಿ ಆ ಪದವಿ ಪಡೆದವರು ತಾವೇ ವಕಾಲತ್ತು ಹಾಕುವಂತಿಲ್ಲ, ಜೊತೆಗೆ ಇನ್ನೊಬ್ಬ ವಕೀಲರಿರಬೇಕು. ನಿಮ್ಮ ಕಡತವನ್ನು ದಿನವೂ ನೋಡುವವರು ಯಾರು ಎಂಬ ಪ್ರಶ್ನೆ ಆಗಲೂ ಉಳಿಯುತ್ತದೆ.

ಕಡತ_ಓದುಗ:

ಮೇಲಿನದೆಲ್ಲ ಸರಿ. ಆದರೆ ಆ್ಯಪಿನ ವಾಯಿದೆ ನೋಡಿ ಅವಸರದಲ್ಲಿ ತೀರ್ಮಾನಕ್ಕೆ ಬರಬೇಡಿ. ಕೋರ್ಟಿನಲ್ಲಿ ನ್ಯಾಯಾಧೀಶರ ಹುದ್ದೆ ಖಾಲಿ ಇದ್ದರೂ, ಕಕ್ಷಿದಾರರೇ ಊರಲ್ಲಿಲ್ಲದಿದ್ದರೂ ಅಲ್ಲಿ ಬರೀ ಮುಂದಿನ ತಾರೀಖು ಕಾಣುತ್ತದೆ.

ಕಕ್ಷಿದಾರರನ್ನು ಮುಂದಿಟ್ಟುಕೊಂಡು ಕೆಲಸ ಮಾಡುವ ವಕೀಲರು ಮೊದಲ ಭೇಟಿಯಲ್ಲೇ ಗೊತ್ತಾಗುತ್ತಾರೆ. ನಿಮ್ಮ ಎರಡನೆಯ ವಕೀಲರು ಒಂದೂವರೆ ಗಂಟೆ ಏನು ಕೇಳಿರಬಹುದು ಎಂದು ಊಹಿಸಬಲ್ಲೆ. ಸ್ಪೆಸಿಫಿಕ್ ಪರ್ಫಾರ್ಮೆನ್ಸ್ ದಾವೆಯ (ಕರಾರಿನಂತೆ ಕ್ರಯಪತ್ರ ಮಾಡಿಕೊಡಿ ಎಂದು ಕೇಳುವ ದಾವೆಯ) ಪ್ರಾಣ ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 16(ಸಿ) ಕಲಮಿನಲ್ಲಿದೆ: ಕೊಳ್ಳುವವರು ಕರಾರಿನ ದಿನದಿಂದ ಉದ್ದಕ್ಕೂ ತಮ್ಮ ಭಾಗ ನೆರವೇರಿಸಲು ಸಿದ್ಧರಿದ್ದರು, ಮನಸ್ಸೂ ಇತ್ತು ಎಂದು ಸಾಬೀತುಮಾಡಬೇಕು. ನಿಮ್ಮ ಕೇಸಿನಲ್ಲಿ ಆ ಬಾಕಿ 1 ಕೋಟಿ 35 ಲಕ್ಷ. ಅಷ್ಟೂ ನಗದು ಬ್ಯಾಂಕಿನಲ್ಲಿ ಕೂತಿರಬೇಕಿಲ್ಲ, ಕೋರ್ಟು ಹೇಳದ ಹೊರತು ಠೇವಣಿಯೂ ಬೇಕಿಲ್ಲ. ಆದರೆ ಆ ಹಣ ಎಲ್ಲಿಂದ ಬರುತ್ತಿತ್ತು ಎಂಬುದಕ್ಕೆ ಕಾಗದ ಬೇಕು: 2024ರ ಫೆಬ್ರವರಿಯಿಂದ ಇಂದಿನವರೆಗಿನ ಪಾಸ್‌ಬುಕ್, ಎಫ್‌ಡಿ, ಸಾಲ ಮಂಜೂರಾತಿ ಪತ್ರ, ಆದಾಯ ತೆರಿಗೆ ರಿಟರ್ನ್. ಒಳ್ಳೆಯ ವಕೀಲರು ದಾವೆ ಬರೆಯುವ ಮುಂಚೆಯೇ ಇವನ್ನು ಕೇಳುತ್ತಾರೆ. ಮುಂಗಡದ ರಸೀದಿಯೊಂದನ್ನೇ ನೋಡಿ ಸಾಕು ಅನ್ನುವವರು ಅರ್ಧ ಕೇಸನ್ನೇ ನೋಡಿಲ್ಲ.

ಎರಡನೆಯದು ಮುದ್ರಾಂಕ. ಕರಾರನ್ನು ಬರೆದ ಸ್ಟಾಂಪ್ ಪೇಪರ್ ಎಷ್ಟರದು, ಆ ದಿನದ ದರಕ್ಕೆ ಸಾಕೇ, ಸ್ವಾಧೀನ ಕೊಟ್ಟಂತೆ ಯಾವುದಾದರೂ ಸಾಲಿದೆಯೆ? ಸ್ವಾಧೀನದ ಸಾಲಿದ್ದರೆ ಸುಂಕ ತೀರಾ ಬೇರೆಯಾಗುತ್ತದೆ. ಕಡಿಮೆ ಬಿದ್ದಿದ್ದರೆ ದಾಖಲೆಯನ್ನು ಸಾಕ್ಷ್ಯವಾಗಿ ನಿಶಾನೆ ಮಾಡುವ (ಗುರುತು ಹಾಕುವ) ದಿನ ಎದುರು ವಕೀಲರು ಎದ್ದು ಆಕ್ಷೇಪಿಸುತ್ತಾರೆ, ಕರ್ನಾಟಕ ಸ್ಟಾಂಪ್ ಕಾಯ್ದೆಯ 34ನೇ ಕಲಮಿನಡಿ ಕೊರತೆ ಸುಂಕದ ಜೊತೆಗೆ ಅದರ ಹತ್ತು ಪಟ್ಟು ದಂಡ ಕಟ್ಟದೆ ಆ ಕಾಗದ ಸಾಕ್ಷ್ಯಕ್ಕೆ ಬರುವುದಿಲ್ಲ. ಸಾಕ್ಷಿ ಕಟಕಟೆಯಲ್ಲಿ ನಿಂತಿರುವಾಗ ಇದು ಗೊತ್ತಾಗುವುದು ಬೇಡ.

ಮೂರನೆಯದು, ಕಾವೇರಿ ಪೋರ್ಟಲ್‌ನಲ್ಲಿ ಇವತ್ತಿನವರೆಗಿನ ಋಣಭಾರ ಪತ್ರ. ಮಾರುವವರು ಆಗಲೇ ಮೂರನೆಯವರಿಗೆ ಬರೆದುಕೊಟ್ಟಿದ್ದರೆ ಅವರನ್ನೂ ಪ್ರತಿವಾದಿ ಮಾಡಬೇಕು. ಬರೆದುಕೊಟ್ಟಿಲ್ಲವಾದರೆ ದಾವೆಯ ಜೊತೆಗೇ ಸಿವಿಲ್ ಪ್ರಕ್ರಿಯಾ ಸಂಹಿತೆಯ 39ನೇ ಆದೇಶದಡಿ ಪರಭಾರೆಗೆ ತಡೆಯಾಜ್ಞೆಯ ಅರ್ಜಿ ಹಾಕಬೇಕು. ಕ್ರಯಪತ್ರ ಸಿಗದಿದ್ದರೆ ಮುಂಗಡ ಬಡ್ಡಿಸಹಿತ ವಾಪಸು ಎಂಬ ಪರ್ಯಾಯ ಪರಿಹಾರವನ್ನು ದಾವೆಯಲ್ಲೇ ಕೇಳಬೇಕು. ಸ್ಪೆಸಿಫಿಕ್ ರಿಲೀಫ್ ಕಾಯ್ದೆಯ 22ನೇ ಕಲಮಿನ ಪ್ರಕಾರ ಕೇಳದಿದ್ದರೆ ಕೋರ್ಟು ಆ ಪರಿಹಾರವನ್ನು ಕೊಡುವುದಿಲ್ಲ. ಆಮೇಲೆ ತಿದ್ದುಪಡಿಯಿಂದ ಸೇರಿಸಬಹುದು, ಆದರೆ ಮೊದಲೇ ಬರೆಯುವುದಕ್ಕೆ ಒಂದು ಪ್ಯಾರಾ ಸಾಕು.

ದೌರ್ಬಲ್ಯ ಹೇಳಿದ್ದಕ್ಕೆ ಮನೆಯವರು ಹಿಂಜರಿಯುತ್ತಿದ್ದಾರೆ ಅಂದಿರಿ. ಆ ಎರಡು ದೌರ್ಬಲ್ಯವನ್ನು ಎದುರು ವಕೀಲರೂ ಹುಡುಕಿಯೇ ಹುಡುಕುತ್ತಾರೆ. ನಿಮ್ಮವರೇ ಮೊದಲು ಹೇಳಿದರೆ ಅದನ್ನು ಸರಿಪಡಿಸಲು ನಿಮಗೆ ಇನ್ನೂ ಸಮಯ ಇದೆ. ಗೆಲುವಿನ ಗ್ಯಾರಂಟಿ ಕೊಡುವವರು, "ಜಡ್ಜ್ ಗೊತ್ತು" ಎನ್ನುವವರು, ಖಾಲಿ ಕಾಗದಕ್ಕೆ ಸಹಿ ಕೇಳುವವರು, ಈ ಮೂವರ ಹತ್ತಿರ ಎರಡನೇ ಸಲ ಹೋಗಬೇಡಿ.

ಇನ್ನೂ ಒಂದು ಪ್ರಶ್ನೆ ನೇರವಾಗಿ ಕೇಳಿ: ಮಾರುವವರಿಗಾಗಲಿ ಅವರ ಮನೆಯವರಿಗಾಗಲಿ ಈ ವಕೀಲರು ಹಿಂದೆ ಕೆಲಸ ಮಾಡಿದ್ದಾರೆಯೆ? ಎದುರು ಪಕ್ಷದ ಜೊತೆ ಯಾವ ಸಂಬಂಧವಿದ್ದರೂ ಕಕ್ಷಿದಾರರಿಗೆ ಮೊದಲೇ ತಿಳಿಸಬೇಕು ಎಂದು ಭಾರತೀಯ ವಕೀಲರ ಪರಿಷತ್ತಿನ ನಡತೆ ನಿಯಮಗಳೇ ಹೇಳುತ್ತವೆ.

ನಾಗರಭಾವಿ_ಎರಡನೇ_ಹಂತ:

ತುಂಬಾ ಉಪಯೋಗವಾಯಿತು. ಎರಡು ಅನುಮಾನ ಉಳಿದಿವೆ. ಅಕ್ಕನಿಗೆ ಕೋರ್ಟು ಅಂದರೆ ಭಯ, ಇಂಗ್ಲಿಷ್ ಓದಲು ಕಷ್ಟ. ನಾನೇ ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ತೆಗೆದುಕೊಂಡು ಸಾಕ್ಷಿ ಹೇಳಬಹುದು ಎಂದು ದೊಡ್ಡ ಆಫೀಸಿನಲ್ಲಿ ಹೇಳಿದರು. ಸರಿಯೆ? ಮತ್ತೆ ಫೀಸು ಹೇಗೆ ಮಾತಾಡುವುದು? ಅವರು ಸೈಟಿನ ಬೆಲೆಯಲ್ಲಿ ಇಂತಿಷ್ಟು ಶೇಕಡಾ ಎಂದಿದ್ದಾರೆ.

ಪಾಟೀಸವಾಲು:

ಜಿಪಿಎ ಮಾತಿಗೆ ಒಪ್ಪಬೇಡಿ, ಈ ತಪ್ಪಿನಿಂದಲೇ ಒಳ್ಳೊಳ್ಳೆಯ ದಾವೆಗಳು ಬಿದ್ದಿವೆ. ಅಧಿಕಾರ ಪತ್ರದವರು ದಾವೆ ಸಲ್ಲಿಸಬಹುದು, ಕಾಗದಕ್ಕೆ ಸಹಿ ಹಾಕಬಹುದು, ತಾವೇ ಖುದ್ದು ಮಾಡಿದ್ದನ್ನು ಹೇಳಬಹುದು. ಅಕ್ಕನ ಮನಸ್ಸಿನಲ್ಲಿದ್ದದ್ದನ್ನು ಅಕ್ಕನ ಬದಲು ಹೇಳಲಾರರು. ಜಾನಕಿ ವಾಶ್‌ದೇವ್ ಭೋಜ್ವಾನಿ ಪ್ರಕರಣದಲ್ಲಿ 2004ರಲ್ಲೇ ಸುಪ್ರೀಂ ಕೋರ್ಟು ಈ ಗೆರೆ ಎಳೆದಿದೆ. 2010ರ ಮನ್ ಕೌರ್ ಪ್ರಕರಣ ನಿಮ್ಮಂಥದೇ ದಾವೆ: ಸಿದ್ಧತೆ, ಮನಸ್ಸು ಎರಡನ್ನೂ ಕೊಳ್ಳುವವರೇ ಕಟಕಟೆಗೆ ಬಂದು ಹೇಳಬೇಕು, ಇಲ್ಲವೆ ಆ ವ್ಯವಹಾರವನ್ನು ಪೂರ್ತಿ ಖುದ್ದು ನೋಡಿಕೊಂಡವರು ಹೇಳಬೇಕು. ಮಾತುಕತೆ, ಹಣ ಎಲ್ಲ ಅಕ್ಕನದೇ ಆಗಿದ್ದರೆ ಅಕ್ಕನೇ ಪಿಡಬ್ಲ್ಯೂ-1 (ವಾದಿಯ ಕಡೆಯ ಮೊದಲ ಸಾಕ್ಷಿ). ನೀವು ಜೊತೆಯಲ್ಲಿ ಇದ್ದದ್ದನ್ನು ಪಿಡಬ್ಲ್ಯೂ-2 ಆಗಿ ಹೇಳಿ. ವಿವಾದಾಂಶ ರಚನೆಯಾದ 15 ದಿನದೊಳಗೆ ಸಾಕ್ಷಿಗಳ ಪಟ್ಟಿ ಕೊಡಬೇಕು, ಅದರಲ್ಲಿ ಕರಾರಿಗೆ ಸಹಿ ಹಾಕಿದ ಸಾಕ್ಷಿಗಳೂ ಇರಲಿ.

ಭಯದ ವಿಚಾರ ನಿಜವಾಗಿ ವಕೀಲರ ಕೆಲಸ. ಕಕ್ಷಿದಾರರ ಬಗ್ಗೆ ವಕೀಲರಿಗೆ ಎಷ್ಟು ಕಾಳಜಿ ಇದೆ ಎಂಬುದು ಎಲ್ಲಕ್ಕಿಂತ ಇಲ್ಲಿಯೇ ಕಾಣುತ್ತದೆ.

ಮುಖ್ಯ ವಿಚಾರಣೆ (ಸಾಕ್ಷಿ ತನ್ನ ಕಡೆಯ ವಿಷಯ ಹೇಳುವುದು) ಈಗ ಬಾಯಲ್ಲಿ ನಡೆಯುವುದಿಲ್ಲ, ಪ್ರಮಾಣಪತ್ರದ ರೂಪದಲ್ಲಿ ಸಲ್ಲಿಸುತ್ತಾರೆ. ಎಷ್ಟೋ ಆಫೀಸುಗಳಲ್ಲಿ ದಾವೆಯ ಪ್ಯಾರಾಗಳನ್ನೇ ಇಂಗ್ಲಿಷಿನಲ್ಲಿ ನಕಲು ಮಾಡಿ, "ಪ್ಲೇಂಟಿಫ್" ಎಂದಿದ್ದಲ್ಲಿ "ನಾನು" ಎಂದು ಬದಲಾಯಿಸಿ, ಕೋರ್ಟಿನ ಕಾರಿಡಾರಿನಲ್ಲಿ ಸಹಿ ಹಾಕಿಸುತ್ತಾರೆ. ಇದರ ಬೆಲೆ ಪಾಟೀಸವಾಲಿನ ಮೊದಲ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಎದುರು ವಕೀಲರು ಮೆತ್ತಗೆ ಕೇಳುತ್ತಾರೆ: ಈ ಪ್ರಮಾಣಪತ್ರ ತಯಾರು ಮಾಡಿದವರು ಯಾರು? ಯಾವ ಭಾಷೆಯಲ್ಲಿದೆ? ನಿಮಗೆ ಓದಲು ಬರುತ್ತದೆಯೆ? ಯಾರು ಓದಿ ಹೇಳಿದರು? ನಾಲ್ಕು ಪ್ರಶ್ನೆ ಮುಗಿಯುವಷ್ಟರಲ್ಲಿ ಹೇಳಿಕೆಯಲ್ಲಿ ಹೀಗೊಂದು ಸಾಲು ಕೂತಿರುತ್ತದೆ: "ಪ್ರಮಾಣಪತ್ರದಲ್ಲಿ ಏನು ಬರೆದಿದೆ ಎಂದು ನನಗೆ ಗೊತ್ತಿಲ್ಲ, ವಕೀಲರು ತೋರಿಸಿದ ಕಡೆ ಸಹಿ ಹಾಕಿದ್ದೇನೆ ಎಂದರೆ ಸರಿ." ಆಮೇಲೆ ಅಕ್ಕ ಸತ್ಯವನ್ನೇ ಹೇಳಿದರೂ ಅದರ ತೂಕ ಇಳಿದಿರುತ್ತದೆ. ಆದ್ದರಿಂದ ಪ್ರಮಾಣಪತ್ರವನ್ನು ಕನ್ನಡದಲ್ಲೇ ಬರೆಯಿರಿ ಎಂದು ಕೇಳಿ. ಅಧೀನ ನ್ಯಾಯಾಲಯದಲ್ಲಿ ಕನ್ನಡಕ್ಕೆ ಅಡ್ಡಿಯಿಲ್ಲ. ಕರಡನ್ನು ಒಂದು ವಾರ ಮೊದಲು ಮನೆಗೆ ತಂದು, ಅಕ್ಕ ಪ್ರತಿ ಪ್ಯಾರಾ ಓದಿ, ತಪ್ಪಿದ್ದಲ್ಲಿ ಪೆನ್ನಿನಲ್ಲಿ ಗುರುತು ಹಾಕಲಿ. ಆ ಗುರುತುಗಳನ್ನು ನೋಡಿ ತಿದ್ದುವ ವಕೀಲರು ಬೇಕು, "ಅದೆಲ್ಲ ಪರವಾಗಿಲ್ಲ, ಸಹಿ ಹಾಕಿ" ಎನ್ನುವವರಲ್ಲ.

"ಎಂದರೆ ಸರಿ", "ಎಂದರೆ ಸುಳ್ಳು" ಎಂಬ ಈ ಎರಡು ಬಾಲಗಳನ್ನು ಅಕ್ಕನಿಗೆ ಚೆನ್ನಾಗಿ ಅರ್ಥಮಾಡಿಸಿ. ನಮ್ಮ ಕೋರ್ಟುಗಳಲ್ಲಿ ಪಾಟೀಸವಾಲಿನ ಹೇಳಿಕೆ ಪ್ರಶ್ನೋತ್ತರವಾಗಿ ದಾಖಲಾಗುವುದು ಕಡಿಮೆ. ವಕೀಲರ ಸೂಚನೆಯೂ ಸಾಕ್ಷಿಯ ಉತ್ತರವೂ ಒಂದೇ ವಾಕ್ಯವಾಗಿ ಸೇರುತ್ತವೆ. "2024ರ ಆಗಸ್ಟಿನಲ್ಲಿ ನಿಮ್ಮ ಖಾತೆಯಲ್ಲಿ ಮೂರು ಲಕ್ಷ ಮಾತ್ರ ಇತ್ತು, ನಿಮಗೆ ಸೈಟ್ ಕೊಳ್ಳುವ ಶಕ್ತಿ ಇರಲಿಲ್ಲ, ಅಲ್ಲವೇ?" ಎಂದು ಕೇಳಿದಾಗ ಅದು ಎರಡು ಪ್ರಶ್ನೆ. ಮೊದಲನೆಯದು ನಿಜ ಇರಬಹುದು, ಎರಡನೆಯದು ಅಲ್ಲ. ಸಾಕ್ಷಿ ತಲೆಯಾಡಿಸಿ ಹೌದು ಅಂದರೆ ಎರಡೂ ಸೇರಿ "ಎಂದರೆ ಸರಿ" ಆಗುತ್ತದೆ. "ಮೊದಲಿನದು ಹೌದು. ಆ ಖಾತೆಯಲ್ಲಿ ಅಷ್ಟೇ ಇತ್ತು, ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಂಜೂರಾಗಿತ್ತು" ಎಂದು ಬಿಡಿಸಿ ಹೇಳುವ ಧೈರ್ಯ ಅಭ್ಯಾಸದಿಂದ ಬರುತ್ತದೆ.

ಅಭ್ಯಾಸ ಅಂದರೆ ಉತ್ತರ ಹೇಳಿಕೊಡುವುದಲ್ಲ. ಸಾಕ್ಷಿಗೆ ಪಾಠ ಹೇಳಿಸುವುದು ತಪ್ಪು, ಕೇಸಿಗೂ ಹಾನಿ. ಬಾಯಿಪಾಠದ ಉತ್ತರ ನ್ಯಾಯಾಧೀಶರ ಕಿವಿಗೆ ಬೇಗ ಗೊತ್ತಾಗುತ್ತದೆ. ಪ್ರತಿ ದಾಖಲೆಯನ್ನೂ ತೋರಿಸಿ ನೆನಪು ಹಸಿರು ಮಾಡುವುದು, ಕೋರ್ಟು ಹಾಲಿನಲ್ಲಿ ಯಾರು ಎಲ್ಲಿ ಕೂರುತ್ತಾರೆ ಎಂದು ಹೇಳುವುದು, ಪ್ರಶ್ನೆ ಮುಗಿಯುವವರೆಗೆ ಕಾಯಿರಿ, ಕಾಗದದ ಬಗ್ಗೆ ಕೇಳಿದರೆ ಕಾಗದ ತೋರಿಸಿ ಎನ್ನಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನಿ, ವಾದಕ್ಕೆ ಇಳಿಯಬೇಡಿ ಎಂದು ತಿಳಿಸುವುದು ಸರಿಯಾದ ತಯಾರಿ. ಎರಡು ಸಿಟ್ಟಿಂಗ್, ಒಂದೊಂದು ಗಂಟೆ ಸಾಕಾಗುತ್ತದೆ. ಸಾಕ್ಷ್ಯದ ಹಿಂದಿನ ವಾರ ಈ ಸಮಯ ಕೊಡುತ್ತೀರಾ ಎಂದು ಈಗಲೇ ಕೇಳಿ ಬರೆದಿಟ್ಟುಕೊಳ್ಳಿ. ಸಾಧ್ಯವಾದರೆ ಅದಕ್ಕೂ ಮೊದಲು ಒಂದು ದಿನ ಅಕ್ಕನನ್ನು ಸಿಟಿ ಸಿವಿಲ್ ಕೋರ್ಟಿಗೆ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂತು ಬೇರೆಯವರ ಪಾಟೀಸವಾಲು ನೋಡಲಿ. ತೆರೆದ ನ್ಯಾಯಾಲಯ, ಯಾರೂ ತಡೆಯುವುದಿಲ್ಲ.

ಅಕ್ಕ ಕನ್ನಡದಲ್ಲಿ ಹೇಳಿದ್ದನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿದರೆ, ಸಹಿಗೆ ಮುಂಚೆ ಅದನ್ನು ಕನ್ನಡದಲ್ಲಿ ಓದಿ ಹೇಳಲೇಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ 18ನೇ ಆದೇಶದ 6ನೇ ನಿಯಮ ಅದು. ಸಂಜೆ ಗಡಿಬಿಡಿಯಲ್ಲಿ ಇದು ತಪ್ಪಿಹೋಗುತ್ತದೆ. "ಓದಿ ಹೇಳಿಸಿ ಸ್ವಾಮಿ" ಎಂದು ವಿನಯದಿಂದ ಕೇಳಿದರೆ ಯಾವ ನ್ಯಾಯಾಧೀಶರೂ ಸಿಟ್ಟಾಗುವುದಿಲ್ಲ. ಅಕ್ಕನ ಪರ ಎದ್ದು ನಿಂತು ಇದನ್ನು ಕೇಳುವುದು ನಿಮ್ಮ ವಕೀಲರ ಕೆಲಸ.

ಮಾರುವವರ ವಾಟ್ಸ್‌ಆ್ಯಪ್ ಸಂದೇಶಗಳಿದ್ದರೆ ಆ ಫೋನನ್ನು ಬದಲಾಯಿಸಬೇಡಿ, ಏನನ್ನೂ ಅಳಿಸಬೇಡಿ. ಬರೀ ಸ್ಕ್ರೀನ್‌ಶಾಟ್ ಪ್ರಿಂಟು ಸಾಲದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ದೃಢೀಕರಣ ಪತ್ರ (ಸರ್ಟಿಫಿಕೇಟ್) ಬೇಕು. ಅದರಲ್ಲಿ ಎ ಭಾಗವನ್ನು ಸಾಧನ ಇಟ್ಟುಕೊಂಡವರು, ಬಿ ಭಾಗವನ್ನು ತಜ್ಞರು ತುಂಬಬೇಕು, ಹ್ಯಾಶ್ ಮೌಲ್ಯವನ್ನೂ (ಕಡತ ಬದಲಾಗಿಲ್ಲ ಎಂದು ತೋರಿಸುವ ಗುರುತು ಸಂಕೇತ) ನಮೂದಿಸಬೇಕು. "ಖಾತೆ ಆಗಲಿ, ಆಮೇಲೆ ರಿಜಿಸ್ಟರ್ ಮಾಡೋಣ" ಎಂದು ಅವರೇ ಬರೆದ ಒಂದು ಸಂದೇಶ ಇದ್ದರೂ ತಡ ಯಾರದು ಎಂಬ ಪ್ರಶ್ನೆಗೆ ಅದು ಬಲವಾದ ಉತ್ತರ.

ಲೆಕ್ಕದ_ಪುಸ್ತಕ:

ಫೀಸಿನ ಬಗ್ಗೆ ಮಾತ್ರ ಹೇಳುತ್ತೇನೆ. ದಾವೆಯ ಫಲಕ್ಕೆ ಕಟ್ಟಿದ ಶೇಕಡಾವಾರು ಫೀಸು ಭಾರತದಲ್ಲಿ ನಿಷಿದ್ಧ. ದಾವೆಯ ಫಲದ ಮೇಲೆ ಫೀಸು ಗೊತ್ತುಮಾಡುವುದು, ಸಿಕ್ಕ ಆಸ್ತಿಯಲ್ಲಿ ಪಾಲು ಕೇಳುವುದು ಎರಡನ್ನೂ ವಕೀಲರ ಪರಿಷತ್ತಿನ ನಡತೆ ನಿಯಮ 20 ತಡೆಯುತ್ತದೆ. ಗೆದ್ದರೆ ಸೈಟಿನಲ್ಲಿ ಇಂತಿಷ್ಟು ಎಂಬುದು ಅವರ ಮಾತಿನ ಅರ್ಥವಾಗಿದ್ದರೆ ಅಲ್ಲಿಂದ ಎದ್ದು ಬನ್ನಿ.

ಹಂತವಾರು ಫೀಸು ಇಬ್ಬರಿಗೂ ಅನುಕೂಲ: ನೋಟಿಸು ಮತ್ತು ದಾವೆ ತಯಾರಿಗೆ ಒಂದು ಕಂತು, ತಡೆಯಾಜ್ಞೆ ಅರ್ಜಿಯ ವಾದಕ್ಕೆ ಒಂದು, ವಾದಿಯ ಸಾಕ್ಷ್ಯ ಮುಗಿದಾಗ ಒಂದು, ಪ್ರತಿವಾದಿಯ ಪಾಟೀಸವಾಲಿಗೆ ಒಂದು, ಅಂತಿಮ ವಾದಕ್ಕೆ ಒಂದು. ವಾಯಿದೆಗೊಂದು ಮೊತ್ತ ಎಂಬ ಪದ್ಧತಿ ಮೊದಲು ಅಗ್ಗವಾಗಿ ಕಾಣುತ್ತದೆ. ಕೆಲಸ ನಡೆಯದ ವಾಯಿದೆಗೂ ಕೊಡುತ್ತ ಹೋಗಬೇಕಾಗುತ್ತದೆ ಎಂಬುದು ಆಮೇಲೆ ತಿಳಿಯುತ್ತದೆ. ಯಾವುದೇ ಆಗಲಿ ಒಂದು ಪುಟದಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಪಾಟೀಸವಾಲು ಖುದ್ದು ಯಾರು ಮಾಡುತ್ತಾರೆ ಎಂಬುದನ್ನೂ ಅದರಲ್ಲೇ ಬರೆಸಿ. ಫೀಸು ಸೀನಿಯರ್ ಹೆಸರಿಗೆ ಕೊಟ್ಟು, ಸಾಕ್ಷ್ಯದ ದಿನ ಕಡತವನ್ನೇ ಓದದ ಜೂನಿಯರ್ ಬಂದು ನಿಂತರೆ ಹಣವೂ ಹೋಯಿತು, ಸಾಕ್ಷಿಯೂ ಹೋಯಿತು.

ಫೀಸು ಬೇರೆ, ಖರ್ಚು ಬೇರೆ. ನಿಮ್ಮ ದಾವೆಯಲ್ಲಿ ದೊಡ್ಡ ಖರ್ಚು ಕೋರ್ಟು ಶುಲ್ಕ. ಸ್ಪೆಸಿಫಿಕ್ ಪರ್ಫಾರ್ಮೆನ್ಸ್‌ನಲ್ಲಿ ಅದನ್ನು ಮುಂಗಡದ ಮೇಲೆ ಲೆಕ್ಕ ಹಾಕುವುದಿಲ್ಲ, ಕರಾರಿನ ಪೂರ್ತಿ ಬೆಲೆಯ ಮೇಲೆ ಹಾಕುತ್ತಾರೆ. 1 ಕೋಟಿ 60 ಲಕ್ಷಕ್ಕೆ ಅದು ಲಕ್ಷಗಳ ಲೆಕ್ಕದಲ್ಲೇ ಬರುತ್ತದೆ, ಕೈಯಲ್ಲಿಟ್ಟುಕೊಂಡಿರಿ. ಸಮನ್ಸ್ ವೆಚ್ಚ, ಟೈಪಿಂಗು, ದೃಢೀಕೃತ ಪ್ರತಿ ಎಲ್ಲ ಸಣ್ಣ ಮೊತ್ತಗಳು. ಎಲ್ಲಕ್ಕೂ ರಸೀದಿ ಕೇಳಿ. ಕಕ್ಷಿದಾರರ ಹಣದ ಲೆಕ್ಕ ಇಡುವುದು ವಕೀಲರ ಕರ್ತವ್ಯ ಎಂದು ಅದೇ ನಿಯಮಗಳಲ್ಲಿದೆ, ಹಾಗಾಗಿ ಕೇಳುವುದು ಅನುಮಾನಪಟ್ಟ ಹಾಗಲ್ಲ.

ಇನ್ನೊಂದು. ಹೆಣ್ಣುಮಕ್ಕಳಿಗೆ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಕಲಮಿನಡಿ ಆದಾಯ ನೋಡದೆ ಉಚಿತ ನೆರವಿನ ಹಕ್ಕಿದೆ. ಅಕ್ಕನಿಗೆ ಈಗ ಬೇಕಿಲ್ಲದಿರಬಹುದು. ಇದನ್ನು ಓದುವ ಬೇರೆ ಯಾರಿಗಾದರೂ ಬೇಕಾದೀತು, ಸಹಾಯವಾಣಿ 15100.

ನಾಗರಭಾವಿ_ಎರಡನೇ_ಹಂತ:

ಎರಡನೆಯವರನ್ನೇ ಒಪ್ಪಿಸಿದ್ದೇವೆ. ಕೊನೆಯ ಪ್ರಶ್ನೆ: ನಡುವೆ ಸರಿಹೋಗದಿದ್ದರೆ ವಕೀಲರನ್ನು ಬದಲಾಯಿಸುವುದು ಹೇಗೆ? ಕಡತ ಕೊಡದೆ ಹಿಡಿದುಕೊಳ್ಳುತ್ತಾರೆ ಎಂದು ಕೇಳಿದ್ದೇನೆ.

ಸಿಸಿಎಚ್_ಕಾರಿಡಾರ್:

ಹಾಗೆ ಹಿಡಿದುಕೊಳ್ಳುವ ಹಕ್ಕು ಅವರಿಗಿಲ್ಲ. ಫೀಸು ಬಾಕಿ ಇದ್ದರೂ ಕಕ್ಷಿದಾರರ ಕಾಗದಗಳ ಮೇಲೆ ವಕೀಲರಿಗೆ ಒತ್ತೆಯ ಹಕ್ಕಿಲ್ಲ ಎಂದು ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ 2000ದಲ್ಲೇ ಸುಪ್ರೀಂ ಕೋರ್ಟು ಹೇಳಿದೆ. ಬಾಕಿ ಫೀಸಿಗೆ ಅವರು ಬೇರೆ ದಾರಿ ಹಿಡಿಯಬೇಕು. ಹಾಗಂತ ಬಾಕಿ ಉಳಿಸಿಕೊಳ್ಳಬೇಡಿ. ಆದ ಕೆಲಸದ ಹಣ ಕೊಟ್ಟು, ಮರ್ಯಾದೆಯಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಒಪ್ಪಿಗೆ) ಕೇಳಿದರೆ ಬಹುಪಾಲು ವಕೀಲರು ವಕಾಲತ್ತಿನ ಮೇಲೇ ಬರೆದುಕೊಡುತ್ತಾರೆ. ಕೊಡದಿದ್ದರೆ ಹೊಸ ವಕೀಲರು ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದಡಿ, ಹಳೆಯ ವಕಾಲತ್ತು ಕೊನೆಗೊಳಿಸಲು ಕೋರ್ಟಿನ ಅನುಮತಿ ಕೇಳಿ ಅರ್ಜಿ ಹಾಕುತ್ತಾರೆ. ಪಾಟೀಸವಾಲಿನ ನಡುವೆ ಬದಲಾಯಿಸುವುದು ಮಾತ್ರ ಅಪಾಯ, ಹೊಸಬರಿಗೆ ಓದಲು ವಾಯಿದೆ ಸಿಗದೆಯೂ ಹೋಗಬಹುದು.

ಈ ಚಿಂತೆಯೇ ಬಾರದಂತೆ ಮೊದಲ ದಿನದಿಂದ ಎರಡು ಕೆಲಸ ಮಾಡಿ. ಮೂಲ ಕರಾರನ್ನು ಕೋರ್ಟಿಗೆ ಹಾಜರುಪಡಿಸುವ ದಿನದವರೆಗೆ ನಿಮ್ಮ ಹತ್ತಿರವೇ ಇಟ್ಟುಕೊಂಡು ವಕೀಲರಿಗೆ ಪ್ರತಿ ಕೊಡಿ. ದಾವೆ, ಲಿಖಿತ ಹೇಳಿಕೆ, ಪ್ರತಿ ಅರ್ಜಿ, ಪ್ರತಿ ಆದೇಶ ಇವುಗಳ ಒಂದು ಪೂರ್ತಿ ಜೊತೆ ಮನೆಯಲ್ಲಿರಲಿ. ದಾವೆ ದಾಖಲಾದ ಕೂಡಲೇ 16 ಅಕ್ಷರದ ಸಿಎನ್‌ಆರ್ ಸಂಖ್ಯೆ (ಪ್ರಕರಣದ ಗುರುತು ಸಂಖ್ಯೆ) ಪಡೆದು ಆ್ಯಪಿನಲ್ಲಿ ಉಳಿಸಿಕೊಳ್ಳಿ, ಪ್ರತಿ ತಾರೀಖಿನ ಸಂಜೆ ಏನಾಯಿತು ಎಂದು ನೀವೇ ನೋಡಿ. ಏನಾದರೂ ಎಡವಟ್ಟಾಗಿ ದಾವೆ ಗೈರುಹಾಜರಿಯಲ್ಲಿ ವಜಾ ಆದರೆ ಮರುಸ್ಥಾಪನೆಗೆ ಇರುವುದು 30 ದಿನ ಮಾತ್ರ. ಮೂರು ತಿಂಗಳಿಗೊಮ್ಮೆ ವಕೀಲರಿಗೆ ಫೋನ್ ಮಾಡುವವರಿಗೆ ಅದು ತಿಳಿಯುವಷ್ಟರಲ್ಲಿ ಗಡುವು ಮುಗಿದಿರುತ್ತದೆ.

ರಾಜಿಯ ಮಾತು ಬಂದಾಗಲೂ ನೆನಪಿರಲಿ: ಕಕ್ಷಿದಾರರ ಸ್ಪಷ್ಟ ಅನುಮತಿ ಇಲ್ಲದೆ ವಕೀಲರು ಹಕ್ಕು ಬಿಟ್ಟುಕೊಡುವಂತಿಲ್ಲ ಎಂದು 2015ರ ಹಿಮಾಲಯನ್ ಹೌಸಿಂಗ್ ಸೊಸೈಟಿ ಪ್ರಕರಣದಲ್ಲಿದೆ. ಕೋರ್ಟು ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ಮಧ್ಯಸ್ಥಿಕೆ ಕೇಂದ್ರಕ್ಕೆ ಕಳಿಸಿದರೆ ಅಕ್ಕನೇ ಹೋಗಲಿ, ಯಾವ ಮೊತ್ತಕ್ಕೆ ಒಪ್ಪಬಹುದು, ಯಾವುದಕ್ಕೆ ಇಲ್ಲ ಎಂದು ಮೊದಲೇ ವಕೀಲರ ಜೊತೆ ಕೂತು ಬರೆದಿಟ್ಟುಕೊಂಡಿರಲಿ.

ನಿಜವಾದ ದುರ್ನಡತೆಗೆ ಅಡ್ವೊಕೇಟ್ಸ್ ಕಾಯ್ದೆಯ 35ನೇ ಕಲಮಿನಡಿ ರಾಜ್ಯ ಪರಿಷತ್ತಿಗೆ ದೂರು ಕೊಡಬಹುದು. ಕೇಸು ಸೋತದ್ದು ದುರ್ನಡತೆಯಲ್ಲ; ಹಣ ನುಂಗಿದ್ದು, ಎದುರು ಪಕ್ಷದ ಜೊತೆ ಸೇರಿದ್ದು ದುರ್ನಡತೆ. ಗ್ರಾಹಕರ ಆಯೋಗದ ಬಾಗಿಲು ಮಾತ್ರ ಇದಕ್ಕೆ ತೆರೆದಿಲ್ಲ, ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯೊಳಗೆ ಬರುವುದಿಲ್ಲ ಎಂದು 2024ರ ಮೇ 14ರಂದು ಸುಪ್ರೀಂ ಕೋರ್ಟು ತೀರ್ಮಾನಿಸಿದೆ.

ಈ ವಾರ ಮಾಡಬೇಕಾದದ್ದು ಲೀಗಲ್ ನೋಟಿಸು. ಉಳಿದ 1 ಕೋಟಿ 35 ಲಕ್ಷದೊಂದಿಗೆ ಸಿದ್ಧರಿದ್ದೇವೆ, ಇಂಥ ದಿನ ಇಂಥ ಉಪನೋಂದಣಾಧಿಕಾರಿ ಕಚೇರಿಗೆ ಬನ್ನಿ ಎಂದು ದಿನ, ಸಮಯ ಹಾಕಿ ಕಳಿಸಲಿ. ಆ ದಿನ ಅಕ್ಕ ಅಲ್ಲಿಗೆ ಹೋಗಿ, ಹಾಜರಿದ್ದದ್ದಕ್ಕೆ ಒಂದು ಗುರುತು ಮಾಡಿಕೊಂಡು ಬರಲಿ. ಮುಂದೆ ಪಾಟೀಸವಾಲಿನಲ್ಲಿ "ನಿಮಗೆ ಮನಸ್ಸೇ ಇರಲಿಲ್ಲ" ಎಂದು ಕೇಳಿದಾಗ ತೋರಿಸಲು ಅದು ಬೇಕಾಗುತ್ತದೆ.